ಇಪ್ಪತ್ತೆಂಟನೆಯ ವಸ್ತು

ಜೂನ್ ೧೨

ವಸ್ತುಸಂಗ್ರಹಾಲಯದ ಮಾಜಿ ಕ್ಯುರೇಟರರೂ, ನೂರಾ ಇಪ್ಪತ್ತೈದನೆಯ ವರ್ಷದ ಉತ್ಸವ ಸಮಿತಿಯ ಅಧ್ಯಕ್ಷರೂ ಆದವರಿಗೆ,

ಈ ತಿಂಗಳ ಒಂಬತ್ತನೆಯ ತಾರೀಖು ಬೆಳಗ್ಗೆ ಹನ್ನೊಂದೂಕಾಲು ಗಂಟೆಗೆ ನಮ್ಮೂರಿನ ವಸ್ತುಸಂಗ್ರಹಾಲಯದಲ್ಲಿ ಒಂದು ಅನ್ಯಾಯ ನಡೆಯಿತು. ಗಂಟೆಯನ್ನು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎನ್ನಬೇಡಿ. ಮೆಟ್ಟಿಲ ಬಳಿಯ ದೊಡ್ಡ ಗಡಿಯಾರ ಆಗ ಎರಡೂವರೆ ತೋರಿಸುತ್ತಿತ್ತು. ನಾನು ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಿಂದಲೂ ಅದು ಮೂರೂಕಾಲು ಗಂಟೆ ಮುಂದೆ ಓಡುತ್ತಿದೆ. ಆ ಮಟ್ಟಿಗೆ ಅದನ್ನು ನಂಬಬಹುದು. ನಿಮ್ಮ ಫಲಕಗಳನ್ನು ಅಷ್ಟೂ ನಂಬಲಾಗದು.

ನಡೆದದ್ದು ಇಷ್ಟು. ಉತ್ಸವಕ್ಕೆ ಹೊಸ ಉಕ್ಕಿನ ಕಪಾಟು ಬರುತ್ತವೆಂದು ಆರು ಜನ ಆಳುಗಳು ಮೇಲಿನ ಹಜಾರದ ಗಾಜಿನ ಕಪಾಟುಗಳನ್ನು ಒಂದೊಂದಾಗಿ ಇಳಿಸಿ, ಹಿತ್ತಲಿನ ಶೆಡ್ಡಿಗೆ ಹೊತ್ತು ಹಾಕಿದರು. ಕಾಲು ಮುರಿದ ಬೆಂಚು, ತುಕ್ಕು ಹಿಡಿದ ಬಕೆಟ್ಟುಗಳ ಜೊತೆಗೆ. ನಲವತ್ತೊಂದು ಕಪಾಟು. ನಲವತ್ತೆರಡನೆಯದು, ಹಕ್ಕಿಗೂಡುಗಳ ಕಪಾಟು, ತೆರೆಯಲು ಬರುವುದಿಲ್ಲವೆಂದು ಅಲ್ಲೇ ನಿಂತಿದೆ. ಅದನ್ನು ಜುಲೈ ಇಪ್ಪತ್ತಕ್ಕೆ ಗರಗಸದಿಂದ ಕೊಯ್ಯುತ್ತಾರಂತೆ. ಒಳಗೆ ಮೊಟ್ಟೆಗಳಿವೆ ಎಂದು ಯಾರಿಗಾದರೂ ನೆನಪಿದೆಯೇ?

ಅದೇ ದಿನ, ಅದೇ ಕಟ್ಟಡದ ಮುಂಗೋಡೆಯ ಮೇಲೆ, ಎರಡು ಮಹಡಿ ಎತ್ತರದ ಪೋಸ್ಟರ್ ತೂಗುಹಾಕಿದರು. ಅದರಲ್ಲಿ ನಿಮ್ಮ ಪ್ರಸಿದ್ಧ “ಪೂಜಾದಂಡ”.

ಅಧ್ಯಕ್ಷರೇ, ಆ ನಲವತ್ತೆರಡು ಕಪಾಟುಗಳನ್ನೂ ಮಾಡಿದ್ದು ಸಂಗ್ರಹಾಲಯದ ಬಡಗಿಯಾಗಿದ್ದ ನಮ್ಮಪ್ಪ. ಆ ದಂಡ ಪೂಜಾದಂಡ ಅಲ್ಲ. ಅದು ನಮ್ಮಪ್ಪ ಕಪಾಟು ತೆರೆಯುತ್ತಿದ್ದ ಎತ್ತುಗೋಲು. ಮಾಡಿದವನ ಕೆಲಸ ಹಿತ್ತಲಿಗೆ, ಅವನ ಕೋಲು ಮೆರವಣಿಗೆಗೆ! ಅದರ ಬಗ್ಗೆ ನೀವು ಹನ್ನೊಂದು ಪುಟದ ಪ್ರಬಂಧ ಬರೆದಿದ್ದೀರಿ. ನಾನು ಮೂರು ಸಲ ಓದಿದ್ದೇನೆ. ಅದರಲ್ಲಿ ಒಂದು ಸಾಲು ಮಾತ್ರ ನಿಜ: “ಉದ್ದ ಒಂದೂಕಾಲು ಅಡಿ.”

ನಲವತ್ತು ವರ್ಷ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸಿದವಳು ನಾನು. ತಪ್ಪು ಜಾಗದಲ್ಲಿಟ್ಟ ಪುಸ್ತಕವೂ ಕಳೆದುಹೋದ ಪುಸ್ತಕವೂ ಒಂದೇ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದೆ. ನಿಮಗೂ ಹೇಳುತ್ತೇನೆ. ಫಲಕ ತಿದ್ದಿ, ಅಪ್ಪನ ಹೆಸರು ಬರೆಯಿರಿ. ಗೂಡಿನ ಕಪಾಟಿಗೆ ಗರಗಸ ತಾಗಬಾರದು.

ಇಂತಿ,
ಬಡಗಿಯ ಮಗಳು
(ಮುಂದಿನ ಸಾಲಿನಲ್ಲಿ ಕೂತು ನಕ್ಕವಳು)


ಜೂನ್ ೧೮

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಅಂಚೆಯವರು ಅದನ್ನು ಕೈಗೆ ಕೊಡುತ್ತಾ, “ಎರಡೇ ಬೀದಿ ಆಚೆಯಿಂದ ಬಂದಿದೆ ಸಾರ್, ನಡ್ಕೊಂಡು ಬಂದಿದ್ರೆ ಮೂರು ದಿನ ಮುಂಚೆ ಸಿಗ್ತಿತ್ತು” ಎಂದರು. ಮೂವತ್ತೊಂದು ವರ್ಷ ತಡವಾದ ಪತ್ರಕ್ಕೆ ಮೂರು ದಿನ ಯಾವ ಲೆಕ್ಕ ಎಂದು ನಾನು ಹೇಳಲಿಲ್ಲ.

ವಿಷಯಕ್ಕೆ ಬರುತ್ತೇನೆ. ಮೂವತ್ತೊಂದು ವರ್ಷದ ಹಿಂದೆ ಹಜಾರದ ಹೆಂಚು ಕುಸಿದು ಕಂಚಿನ ಸಾಮಾನುಗಳ ಕಪಾಟಿನ ಗಾಜು ಒಡೆಯಿತು. ಒಳಗಿದ್ದುದನ್ನೆಲ್ಲ ನಾನೇ ಒಡೆದ ಗಾಜಿನ ಕಡೆಯಿಂದ ಹೊರತೆಗೆದೆ. ರಿಜಿಸ್ಟರಿನಲ್ಲಿ ಇಪ್ಪತ್ತೇಳು ವಸ್ತು. ಮೇಜಿನ ಮೇಲೆ ಇಪ್ಪತ್ತೆಂಟು. ಆ ಇಪ್ಪತ್ತೆಂಟನೆಯದು ಗಂಟೆಗಳ ನಡುವೆ ಮಲಗಿತ್ತು. ಹಿಡಿ ನುಣುಪಾಗಿತ್ತು. ಒಂದು ತುದಿಯಲ್ಲಿ ಹಿತ್ತಾಳೆಯ ಗುಂಡು, ಇನ್ನೊಂದರಲ್ಲಿ ಹಕ್ಕಿಯ ಕೊಕ್ಕಿನಂಥ ಬಾಗು. ಕಪಾಟಿನೊಳಗೆ ಸಿಕ್ಕ, ಸಂಖ್ಯೆಯಿಲ್ಲದ ವಸ್ತುವಿಗೆ ಸಂಖ್ಯೆ ಕೊಟ್ಟು ಫಲಕ ಬರೆಯಬೇಕು ಎಂಬುದು ನಿಯಮ. ನಾನು ನಿಯಮ ಪಾಲಿಸಿದೆ.

ಅದು ಉಪಕರಣವಾಗಿದ್ದರೆ ನಿಮ್ಮ ತಂದೆಯವರು ಯಾಕೆ ಹೇಳಲಿಲ್ಲ? ನಿವೃತ್ತರಾದ ಮೇಲೂ ಪ್ರತಿ ತಿಂಗಳು ಹಜಾರಕ್ಕೆ ಬಂದು ಅದರ ಮುಂದೆ ಐದು ನಿಮಿಷ ನಿಲ್ಲುತ್ತಿದ್ದರು. ಭಕ್ತಿಯೆಂದೇ ನಾನು ಭಾವಿಸಿದ್ದೆ.

ಇನ್ನು ನೀವು ಆವರಣದೊಳಗೆ ಬರೆದ ಮಾತು. ಆ ದಂಡದ ಬಗ್ಗೆ ನಾನು ಮಾಡಿದ್ದು ನನ್ನ ಮೊದಲ ಉಪನ್ಯಾಸ. ಆ ಹಜಾರದ ನೆಲ ಗುಡಿಸುತ್ತಿದ್ದವಳ ಮಗ ಅದೇ ಹಜಾರದಲ್ಲಿ ನಿಂತು ಮಾತಾಡಿದ ದಿನ ಅದು. ನನ್ನ ತಾಯಿ ಹೊಸ ಬಟ್ಟೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದಳು. ನೀವು ನಕ್ಕಿರಿ. ನಿಮ್ಮನ್ನು ನೋಡಿ ಸಭೆಯೇ ನಕ್ಕಿತು.

ಕಪಾಟು ಕೊಯ್ಯುವುದು ಎಂಜಿನಿಯರರ ತೀರ್ಮಾನ. ಅದನ್ನು ತೆರೆಯುವ ಬಗೆ ಈಗ ಬದುಕಿರುವ ಯಾರಿಗೂ ಗೊತ್ತಿಲ್ಲ. ನಿಮ್ಮ ಬಳಿ ಸಾಕ್ಷಿಯಿದ್ದರೆ ಕೊಡಿ. ನಗು ಸಾಕ್ಷಿಯಲ್ಲ.

ತಮ್ಮ ವಿಶ್ವಾಸಿ,
ಮಾಜಿ ಕ್ಯುರೇಟರ್


ಜೂನ್ ೨೧

ಮಾಜಿ ಕ್ಯುರೇಟರರಿಗೆ,

ಸಾಕ್ಷಿ ಕೇಳಿದ್ದೀರಿ, ಕೂತು ಓದಿ. ಕನ್ನಡಕ ಹಾಕಿಕೊಳ್ಳಿ, ಚಿಕ್ಕಂದಿನಲ್ಲೇ ನಿಮಗೆ ಕರಿಹಲಗೆ ಕಾಣುತ್ತಿರಲಿಲ್ಲ.

ನಮ್ಮ ಸಂಗ್ರಹಾಲಯ ಹುಟ್ಟಿದ್ದು “ಜ್ಞಾನದಾಹ”ದಿಂದ ಎಂದು ಉತ್ಸವದ ಪುಸ್ತಿಕೆಯಲ್ಲಿ ಬರೆದಿದ್ದೀರಿ. ನಡೆದದ್ದು ಬೇರೆ. ಊರಿನ ವೈದ್ಯರೊಬ್ಬರು ಕಲ್ಲು, ಚಿಪ್ಪು, ಗೂಡು, ಗಂಟೆ, ಹುಲ್ಲು ತುಂಬಿದ ಮೊಸಳೆ ಎಂದು ಮನೆ ತುಂಬ ತುಂಬಿಸಿದ್ದರು. ಹೆಂಡತಿ, “ಈ ಮನೇಲಿ ಇನ್ಮೇಲೆ ಒಂದೋ ನಾನಿರ್ಬೇಕು, ಇಲ್ಲ ಆ ಮೊಸಳೆ ಇರ್ಬೇಕು” ಎಂದಳು. ವೈದ್ಯರು ಎರಡು ದಿನ ಯೋಚಿಸಿದರಂತೆ. ಮೂರನೆಯ ದಿನ ಮೊಸಳೆ ಊರಿನ ಪಾಲಾಯಿತು. ಎಲ್ಲ ಹಳಬರಿಗೂ ಗೊತ್ತಿರುವ ಇತಿಹಾಸ ಇದು. ಪುಸ್ತಿಕೆಗೆ ಮಾತ್ರ ಗೊತ್ತಿಲ್ಲ.

ಅರವತ್ತು ವರ್ಷ ಅದೆಲ್ಲ ಗೋಣಿ ಹಾಸಿದ ಹಲಗೆಯ ಮೇಲಿತ್ತು. ಆಮೇಲೆ ಬಂದ ಮುಖ್ಯಸ್ಥರು ಕಪಾಟು ಮಾಡಿಸಿದರು. ನಲವತ್ತಕ್ಕೆ ಮಾಮೂಲಿ ಬೀಗ. ಕಂಚಿನದು ಮತ್ತು ಗೂಡಿನದು, ಆ ಎರಡು ಅವಳಿ ಕಪಾಟಿಗೆ ಮಾತ್ರ, “ಬೀಗ ಕಣ್ಣಿಗೆ ಕಾಣಬಾರದು” ಎಂದು ಹಟ ಹಿಡಿದರು. ಬೀಗ ಕಂಡರೆ ಕಳ್ಳನಿಗೆ ದಾರಿ ತೋರಿಸಿದಂತೆ ಎಂದು ಅವರ ವಾದ. ಅಪ್ಪ ಅಗುಳಿಯನ್ನು ಮರದೊಳಗೇ ಅಡಗಿಸಿ, ಅದನ್ನು ಹಿಡಿದೆತ್ತಲು ಒಂದೇ ಒಂದು ಕೋಲು ಮಾಡಿದ. ಎತ್ತುಗೋಲು ಎಂದು ಅವನೇ ಕರೆದ.

ಹಜಾರ ತೆರೆಯುವ ಹಿಂದಿನ ದಿನ ಮಧ್ಯಾಹ್ನ ಅಪ್ಪ ಕಂಚಿನ ಕಪಾಟಿನೊಳಗೆ ಬಗ್ಗಿ ಧೂಳು ಒರೆಸುತ್ತಿದ್ದ. ಕೋಲನ್ನು ಗಂಟೆಗಳ ಪಕ್ಕ ಇಟ್ಟಿದ್ದ. ಮುಖ್ಯಸ್ಥರು ಬಂದು, “ಆಯ್ತೇನಯ್ಯಾ?” ಎಂದರು. ಅಪ್ಪ ಗಾಬರಿಯಲ್ಲಿ “ಆಯ್ತು ಸ್ವಾಮಿ” ಎಂದು ಬಾಗಿಲು ತಳ್ಳಿದ. ಅಗುಳಿ ಬಿತ್ತು. ಅವರು ಅಲ್ಲೇ ನಿಂತು ಎರಡೂ ಕಪಾಟಿಗೆ ಅರಗಿನ ಮುದ್ರೆ ಒತ್ತಿದರು. ಮುದ್ರೆ ಒಡೆಯಬೇಕಾದರೆ ಮೂವರು ಹಾಜರಿದ್ದು ಕಾರಣ ಬರೆದುಕೊಳ್ಳಬೇಕು. ನಿಮಗೆ ಪ್ರಿಯವಾದ ಇನ್ನೊಂದು ನಿಯಮ. ಕಪಾಟು ತೆರೆಯುವ ಕೋಲು ಕಪಾಟಿನೊಳಗೇ ಉಳಿಯಿತು ಎಂದು ಮೂವರ ಮುಂದೆ ಯಾವ ಬಡಗಿ ಹೇಳಿಕೊಂಡಾನು? ಮನೆಗೆ ಬಂದು ಅಮ್ಮನಿಗೆ ಹೇಳಿದ. ಅಮ್ಮ ನೆಲದ ಮೇಲೆ ಕೂತು ನಕ್ಕಳು. ನನಗಾಗ ಒಂಬತ್ತು ವರ್ಷ.

ನಾನು ನಿಮ್ಮ ಉಪನ್ಯಾಸದಲ್ಲಿ ಯಾಕೆ ನಕ್ಕೆ ಎಂದು ಈಗ ತಿಳಿಯಿತಲ್ಲ. ನೀವು ಬಿಳಿ ಬಟ್ಟೆ ಸರಿಸಿ, “ಇದನ್ನು ಹಿಡಿದ ಕೈ ಸಾಮಾನ್ಯರ ಕೈ ಆಗಿರಲಾರದು” ಎಂದಿರಿ. ಆ ಕೈ ನನ್ನ ಪಕ್ಕದ ಕುರ್ಚಿಯಲ್ಲಿ ಮೊಣಕಾಲಿನ ಮೇಲಿತ್ತು. ಅದರ ಯಜಮಾನ ಸೂರು ನೋಡುತ್ತಾ ಕೂತಿದ್ದ. ನಾನೇನು ಕಲ್ಲೇ?

ದಾರಿಯಲ್ಲಿ ಬರುವಾಗ, “ನಾಳೇನೇ ಹೋಗಿ ಅವನಿಗೆ ಹೇಳ್ತೀನಿ” ಎಂದೆ. ಅಪ್ಪ ನಿಂತುಬಿಟ್ಟ. “ಬೇಡ ಕಣೇ. ಪಾಪ, ಎಷ್ಟು ಚೆನ್ನಾಗಿ ಮಾತಾಡಿದ! ನನ್ನ ಕೋಲಿಗೆ ಅಷ್ಟೊಂದು ಮರ್ಯಾದೆ ನಾನೇ ಕೊಟ್ಟಿರ್ಲಿಲ್ಲ. ಆ ಕಪಾಟುಗಳು ಹಜಾರದಲ್ಲಿ ಇರೋವರೆಗೂ ಬಾಯಿ ಬಿಡಬೇಡ, ಅವೇ ನನ್ನ ಹೆಸರು ಹೇಳ್ತವೆ” ಎಂದ. ಮಾತು ಕೊಟ್ಟೆ. ಈ ತಿಂಗಳ ಒಂಬತ್ತರವರೆಗೂ ಉಳಿಸಿಕೊಂಡೆ.

ಅಂದಹಾಗೆ, ಅವನು ತಿಂಗಳಿಗೊಮ್ಮೆ ಬರುತ್ತಿದ್ದುದು ಭಕ್ತಿಯಿಂದಲ್ಲ. “ಹಿತ್ತಾಳೆಗೆ ಎಣ್ಣೆ ಹಾಕಿದ್ದಾರೋ ಇಲ್ವೋ ನೋಡ್ಕೊಂಡು ಬರ್ತೀನಿ” ಎಂದು ಹೇಳಿ ಹೊರಡುತ್ತಿದ್ದ.

ನೆಲ ಗುಡಿಸುತ್ತಿದ್ದವಳ ಮಗನೆಂದು ನಾನು ನಕ್ಕೆ ಎಂದುಕೊಂಡಿರಾ, ಮೂವತ್ತೊಂದು ವರ್ಷ? ನಿಮ್ಮ ತಾಯಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಅವರೇ ನನ್ನ ಜಡೆ ಬಿಗಿಯುತ್ತಿದ್ದರು. ಈ ಮಾತಿಗೆ ಉತ್ತರ ಬೇಡ.

ಪರೀಕ್ಷೆ ಸುಲಭ. ಗೂಡಿನ ಕಪಾಟಿನ ನೆತ್ತಿಯ ಪಟ್ಟಿಯಲ್ಲಿ, ಎಡಗಡೆ, ಕೆಳಗಿನಿಂದ ಕಾಣದ ಒಂದು ಸಂದಿಯಿದೆ. ಎತ್ತುಗೋಲಿನ ತುದಿಯನ್ನು ಅಲ್ಲಿಗೆ ಕೊಟ್ಟು, ಮೊದಲು ಎತ್ತಿ, ಆಮೇಲೆ ಎಳೆಯಿರಿ. ತೆರೆದರೆ ನಾನು ಗೆದ್ದೆ. ತೆರೆಯದಿದ್ದರೆ ಊರಿನ ಮುಂದೆ ಕ್ಷಮೆ ಕೇಳುತ್ತೇನೆ.

ಇಂತಿ,
ಬಡಗಿಯ ಮಗಳು


ಜುಲೈ ೪

ಮಾನ್ಯರೇ,

ನೋಂದಾಯಿತ ವಸ್ತುವನ್ನು ಬಳಸುವಂತಿಲ್ಲ. ಹತ್ತು ದಿನ ಈ ನಿಯಮವನ್ನು ಮನಸ್ಸಿನಲ್ಲಿ ಹೇಳಿಕೊಂಡೆ. ನಿನ್ನೆ ಬೆಳಗ್ಗೆ ಹತ್ತಿಯ ಕೈಗವಸು ತೊಟ್ಟು, ಏಣಿ ಹಾಕಿಕೊಂಡು, ಪ್ರಯೋಗ ಮಾಡಿದೆ.

ಬಾಗಿಲ ಬಳಿ ಕೂರುವ ಕಾವಲುಗಾರ್ತಿ ಏಣಿ ಹಿಡಿದುಕೊಂಡಿದ್ದಳು. “ಸಾರ್, ‘ಮುಟ್ಟಬಾರದು’ ಅಂತ ಬೋರ್ಡ್ ಬರೆದವರು ನೀವೇ ತಾನೇ?” ಎಂದಳು. “ಹೌದಮ್ಮ.” “ಹಂಗಾದ್ರೆ ನಾನು ಆ ಕಡೆ ತಿರುಗ್ತೀನಿ” ಎಂದು ಮೊಸಳೆಯ ಕಡೆ ಮುಖ ಮಾಡಿ ನಿಂತಳು. ಏಣಿ ಮಾತ್ರ ಬಿಡಲಿಲ್ಲ.

ನೀವು ಹೇಳಿದಲ್ಲಿ ಸಂದಿಯೇನೋ ಇದೆ. ನಲವತ್ತು ವರ್ಷ ಆ ಕಪಾಟಿನ ಮುಂದೆ ಓಡಾಡಿದ ನಾನು ಅದನ್ನು ಕಂಡಿರಲಿಲ್ಲ, ಒಪ್ಪುತ್ತೇನೆ. ಆದರೆ ದಂಡದ ತುದಿ ಅದರೊಳಗೆ ಹೋಗಲಿಲ್ಲ. ಒತ್ತಿದೆ, ತಿರುಗಿಸಿದೆ, ತಟ್ಟಿದೆ. ಗುಂಡು ಸಂದಿಗಿಂತ ಎರಡು ಪಟ್ಟು ದಪ್ಪವಿದೆ. ನಿಮ್ಮ ತಂದೆಯವರಂಥ ಕುಶಲಿ ಇಂಥ ಅಳತೆ ತಪ್ಪು ಮಾಡಲಾರರು. ಆದ್ದರಿಂದ ಇದು ಎತ್ತುಗೋಲಲ್ಲ ಎಂಬ ತೀರ್ಮಾನಕ್ಕೆ ಬರಬೇಕಾಗಿದೆ.

ನನಗೆ ಇದರಿಂದ ಸಂತೋಷವಾಗಬೇಕಿತ್ತು.

ಮಾಜಿ ಕ್ಯುರೇಟರ್


ಜುಲೈ ೬

ಅಯ್ಯೋ ಮಹಾಪಂಡಿತರೇ,

ಗುಂಡನ್ನು ಯಾಕೆ ತೂರಿಸಿದಿರಿ? ಗುಂಡು ಇರುವುದು ಅಂಗೈಗೆ. ಹಿಡಿದಾಗ ಕೋಲು ಜಾರದಿರಲಿ ಎಂದು. ಸಂದಿಗೆ ಹೋಗಬೇಕಾದದ್ದು ಕೊಕ್ಕೆ!

ನಿಮ್ಮ ಪತ್ರ ಓದಿ ಆ ಪ್ರಬಂಧವನ್ನು ನಾಲ್ಕನೆಯ ಸಲ ತೆಗೆದೆ. ನಾಲ್ಕನೆಯ ಪುಟದಲ್ಲಿದೆ: ಗುಂಡು “ಶಿಖರ”, ಕೊಕ್ಕೆ “ಪೀಠ”. ಹಾಗಾದರೆ ಮೂವತ್ತೊಂದು ವರ್ಷದಿಂದ ನಮ್ಮಪ್ಪನ ಕೋಲನ್ನು ತಲೆಕೆಳಗಾಗಿ ನಿಲ್ಲಿಸಿದ್ದೀರಿ. ಪೋಸ್ಟರಿನಲ್ಲೂ, ಎರಡು ಮಹಡಿ ಎತ್ತರಕ್ಕೆ, ಅದು ಶೀರ್ಷಾಸನ ಹಾಕಿದೆ. ಅಪ್ಪ ಪ್ರತಿ ತಿಂಗಳು ಬಂದು ಅದನ್ನು ನೋಡಿ, ತುಟಿಪಿಟಕ್ಕೆನ್ನದೆ ಮನೆಗೆ ಬಂದು ಊಟ ಮಾಡುತ್ತಿದ್ದನಲ್ಲ, ಅವನ ಸಹನೆಗೆ ಒಂದು ಫಲಕ ಹಾಕಬೇಕು.

ಇನ್ನೂ ಹದಿನಾಲ್ಕು ದಿನ ಇದೆ. ಆಮೇಲೆ ಗರಗಸ. ಆ ಮೊಟ್ಟೆಗಳನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ. ನೀಲಿ ಚುಕ್ಕೆಯ ಆ ಮೂರು ಮೊಟ್ಟೆ ಯಾವ ಹಕ್ಕಿಯದು ಎಂದು ನಾವಿಬ್ಬರೂ ಒಂದು ಇಡೀ ಬೇಸಿಗೆ ಜಗಳವಾಡಿದ್ದೆವು. ಫಲಕ ಓದಬಹುದಿತ್ತು. ಓದಿದರೆ ಜಗಳ ಮುಗಿಯುತ್ತದೆಂದು ಇಬ್ಬರೂ ಓದಲಿಲ್ಲ.

ತಿರುಗಿಸಿ ಹಿಡಿಯಿರಿ.

ಬಡಗಿಯ ಮಗಳು


ಜುಲೈ ೧೦

ತಿರುಗಿಸಿ ಹಿಡಿದೆ. ಕೊಕ್ಕೆ ಸಂದಿಯೊಳಗೆ ಬೆಣ್ಣೆಯಲ್ಲಿ ಚಾಕುವಿನಂತೆ ಇಳಿಯಿತು. ಒಳಗೆ ಏನೋ ಕಚ್ಚಿಕೊಂಡ ಸದ್ದಾಯಿತು.

ಅಲ್ಲಿಗೆ ನಿಲ್ಲಿಸಿ, ಏಣಿ ಇಳಿದೆ. ಎತ್ತುವುದು ನನ್ನ ಕೆಲಸವಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಬನ್ನಿ. ನಮ್ಮ ಗಡಿಯಾರದಲ್ಲಿ ಎರಡೂಕಾಲಕ್ಕೆ. ಮುದ್ರೆ ಒಡೆಯಲು ಮೂವರು ಬೇಕು: ನಾನು, ಕಾವಲುಗಾರ್ತಿ, ನೀವು. ಕಾರಣ ಬರೆದುಕೊಳ್ಳಬೇಕು. “ಕಾರಣ: ಕೋಲು ಯಾರದೆಂದು ತಿಳಿಯಲು” ಎಂದು ಬರೆದಿಟ್ಟಿದ್ದೇನೆ.

ಮಾಜಿ ಕ್ಯುರೇಟರ್


ಜುಲೈ ೧೬

ಮೆಣಸಿನಕಾಯಿ,

ಚಿಕ್ಕಂದಿನ ಆ ಹೆಸರು ಬರೆದು ಒಂದು ಗಳಿಗೆ ಪೆನ್ನು ಕೆಳಗಿಟ್ಟೆ. ನಿನಗೆ ಕೋಪ ಬಂದರೆ ಬರಲಿ. ಬರದಿದ್ದರೆ ಅದು ನೀನಲ್ಲ.

ಮೊನ್ನೆ ನೀನು ಸರಸರನೆ ಹೊರಟುಹೋದೆ. ಧೂಳು ಕಣ್ಣಿಗೆ ಬಿತ್ತು ಎಂದೆ. ಐವತ್ತೊಂಬತ್ತು ವರ್ಷ ಮುಚ್ಚಿದ್ದ ಕಪಾಟಿನೊಳಗೆ ಒಂದು ಚೂರೂ ಧೂಳಿರಲಿಲ್ಲ. ನಾನು ಮಾವ ಎನ್ನುತ್ತಿದ್ದ ನಿಮ್ಮಪ್ಪನ ಕೆಲಸ ಅಂಥದ್ದು. ಇರಲಿ, ನಾನೂ ಹೊರಗೆ ಹೋಗಿ ಮೊಸಳೆಯ ಹತ್ತಿರ ನಿಂತುಬಂದೆ.

ನೀನು ಎತ್ತಿದ್ದನ್ನು ನೋಡಿದೆ. ಅಂಗೈಯ ಬುಡದಿಂದ ಒಂದು ಏಟು, ಆಮೇಲೆ ಎಳೆತ. ನಿನ್ನ ಕೈ ಅಲ್ಲ ಅದು, ಮಾವನ ಕೈ. ಬಾಗಿಲು ಒಂದು ನಿಟ್ಟುಸಿರು ಬಿಟ್ಟು ತೆರೆಯಿತು. ಕಾವಲುಗಾರ್ತಿ, “ಅಬ್ಬಾ, ನಮ್ಮನೆ ಬೀರೂನೂ ಇಷ್ಟು ಮರ್ಯಾದೆಯಿಂದ ತೆರ್ಕೊಳಲ್ಲ” ಎಂದಳು. ನೀಲಿ ಚುಕ್ಕೆಯ ಮೂರು ಮೊಟ್ಟೆಗಳೂ ನೆಟ್ಟಗಿವೆ.

ನೀನು ಹೋದ ಮೇಲೆ ಬಾಗಿಲಿನ ಮರದ ಚೌಕಟ್ಟಿನ ಒಳಮುಖವನ್ನು ದೀಪ ಹಿಡಿದು ನೋಡಿದೆ. ಅಲ್ಲಿ ಪೆನ್ಸಿಲಿನಲ್ಲಿ ಮಾವನ ಅಕ್ಷರ. ಮೇಲಿನ ಸಾಲು ಹೀಗಿದೆ: “ಈ ಬಾಗಿಲು ತೆರೆಯುವ ಕ್ರಮ: ಕೊಕ್ಕೆ ಮೇಲೆ, ಗುಂಡು ಕೈಯಲ್ಲಿ. ಮೊದಲು ಎತ್ತುವುದು, ಆಮೇಲೆ ಎಳೆಯುವುದು.”

ತೆರೆಯುವ ಕ್ರಮವನ್ನು ಬಾಗಿಲಿನ ಒಳಗಡೆ ಬರೆದಿದ್ದಾರೆ! ಕೋಲನ್ನು ಒಂದು ಕಪಾಟಿನೊಳಗೆ ಬಿಟ್ಟರು, ಅದರ ವಿವರವನ್ನು ಇನ್ನೊಂದರೊಳಗೆ. ನಾನು ಮೆಟ್ಟಿಲ ಮೇಲೆ ಕೂತು ನಕ್ಕೆ. ಜೋರಾಗಿ. ಸಂದರ್ಶಕರೆಲ್ಲ ತಿರುಗಿ ನೋಡಿದರು. ಆಗ ಗೊತ್ತಾಯಿತು, ಕೆಲವು ನಗು ತಡೆಯಲು ಆಗುವುದಿಲ್ಲ.

ಅದರ ಕೆಳಗೆ ಎರಡು ಅಡ್ಡಗೆರೆ. ಒಂದರ ಪಕ್ಕ “ಮೆಣಸಿನಕಾಯಿ”. ಅದಕ್ಕಿಂತ ಅರ್ಧ ಬೆರಳು ಮೇಲೆ ಇನ್ನೊಂದು, ಅದರ ಪಕ್ಕ “ಕಡ್ಡಿ”. ಹಲಗೆಗೆ ಬೆನ್ನು ಕೊಟ್ಟು ನಿಂತದ್ದು ನೆನಪಿದೆ. ಆ ಹಲಗೆ ಈ ಬಾಗಿಲಾಯಿತೆಂದು ಗೊತ್ತಿರಲಿಲ್ಲ. ನಮ್ಮಿಬ್ಬರಲ್ಲಿ ಯಾರು ಎತ್ತರ ಎಂಬ ಜಗಳ ಅಲ್ಲಿಗೆ ತೀರಿತು. ದಾಖಲೆ ದಾಖಲೆಯೇ.

ಅಮ್ಮ ಹೋಗುವ ಹಿಂದಿನ ವರ್ಷ ಒಮ್ಮೆ, “ಆ ಹುಡುಗಿ ಸುಮ್ ಸುಮ್ನೆ ನಗೋಳಲ್ಲ ಕಣೋ, ಒಂದ್ಸಲ ಹೋಗಿ ಕೇಳು” ಎಂದಿದ್ದಳು. ಎರಡು ಬೀದಿ ನಡೆಯಬೇಕಿತ್ತು.

ಕಡ್ಡಿ


ಜುಲೈ ೧೭

ಕಡ್ಡೀ,

ನಿನ್ನ ಪತ್ರ ಬಂದ ತಕ್ಷಣ ಸಂಗ್ರಹಾಲಯಕ್ಕೆ ಹೋದೆ, ಅಂಚೆಯವರು ಇನ್ನೂ ಗೇಟು ದಾಟಿರಲಿಲ್ಲ. “ಕೊನೆಗೂ ಒಬ್ರಾದ್ರೂ ನಡೀತಾರಲ್ಲಪ್ಪ!” ಎಂದು ಬೆನ್ನ ಹಿಂದೆ ಕೂಗಿದರು.

ನಿನಗೆ ಕನ್ನಡಕ ಹಾಕಿಕೊಳ್ಳಲು ಹೇಳಿದ್ದೆನಲ್ಲ? “ಕಡ್ಡಿ” ಎಂಬುದರ ಮುಂದೆ, ಸಣ್ಣ ಅಕ್ಷರದಲ್ಲಿ, ಅಪ್ಪ ಇನ್ನೊಂದು ಪದ ಬರೆದಿದ್ದಾನೆ: “ತುದಿಗಾಲಲ್ಲಿ”.

ದಾಖಲೆ ದಾಖಲೆಯೇ.

ಅತ್ತೆ ಹಾಗೆ ಹೇಳಿದ್ದರಾ? ಅದನ್ನು ನನಗೆ ಹೇಳಲು ನಿನಗೆ ಇಷ್ಟು ವರ್ಷ ಬೇಕಾಯಿತೇ ಎಂದು ಬೈಯೋಣವೆಂದು ಕೂತೆ. ಆದರೆ ನಾನೂ ಅಷ್ಟೇ ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಸಮಸಮ.

ಈಗ ಕೆಲಸದ ಮಾತು. ಗರಗಸ ತಪ್ಪಿತು, ಸರಿ. ಫಲಕ ಯಾವಾಗ ಬದಲಾಗುತ್ತದೆ?

ಮೆಣಸಿನಕಾಯಿ


ಆಗಸ್ಟ್ ೨೦

ಮೆಣಸಿನಕಾಯಿ,

ಒಂದು ತಿಂಗಳಿಂದ ನಿನಗೆ ಮುಖ ತೋರಿಸದೆ ಓಡಾಡುತ್ತಿರುವುದಕ್ಕೆ ಕಾರಣ ಹೇಳುತ್ತೇನೆ. ಒಳ್ಳೆಯ ಸುದ್ದಿ ತರೋಣವೆಂದಿದ್ದೆ. ಇಲ್ಲ.

ಈಗಿನ ನಿರ್ದೇಶಕರಿಗೆ ಎಲ್ಲ ತೋರಿಸಿದೆ: ಸಂದಿ, ಕೊಕ್ಕೆ, ಮಾವನ ಅಕ್ಷರ. ನನ್ನ ಪ್ರಬಂಧ ತಪ್ಪೆಂದು ನಾನೇ ಎರಡು ಪುಟ ಬರೆದುಕೊಟ್ಟೆ. ಅವರು ಬಲು ಗೌರವದಿಂದ ಕೇಳಿಸಿಕೊಂಡರು. ಆಮೇಲೆ, “ಸಾರ್, ಎಲ್ಲ ಸರಿ. ಆದ್ರೆ ಬಡಗಿ ಕೋಲು ನೋಡೋಕೆ ಯಾರು ಬರ್ತಾರೆ ಹೇಳಿ? ಪೂಜಾದಂಡ ಅಂದ್ರೆ ಸಾಲು ನಿಲ್ತಾರೆ” ಎಂದರು.

“ಅದು ಸುಳ್ಳಲ್ವೇನಪ್ಪಾ?” ಎಂದೆ.

“ಸುಳ್ಳಲ್ಲ ಸಾರ್, ಹಳೇ ಅಭಿಪ್ರಾಯ. ಅದೂ ನಿಮ್ಮದೇ!”

ಏಟು ಸರಿಯಾದ ಜಾಗಕ್ಕೇ ಬಿತ್ತು. ಗೂಡಿನ ಕಪಾಟಿನಿಂದ ಗೂಡುಗಳನ್ನು ತೆಗೆದು ಹೊಸ ಉಕ್ಕಿನ ಕಪಾಟಿಗೆ ಇಡುತ್ತಾರಂತೆ. ಬಾಗಿಲು, ಗೆರೆ, ಎಲ್ಲವೂ ಶೆಡ್ಡಿಗೆ. ಫಲಕದ ವಿಷಯ “ಉತ್ಸವದ ನಂತರ ಪರಿಶೀಲಿಸಲಾಗುವುದು”. ಈ ವಾಕ್ಯವನ್ನು ನಾನು ಎಷ್ಟು ಜನರಿಗೆ ಬರೆದು ಕಳಿಸಿದ್ದೇನೆಂದು ನನಗೆ ಗೊತ್ತು. ಇದರ ಅರ್ಥವೂ ಗೊತ್ತು.

ಸಮಿತಿಯ ಅಧ್ಯಕ್ಷಗಿರಿ ಬಿಟ್ಟೆ. ಎಪ್ಪತ್ತರ ಹತ್ತಿರ ಬಂದು ಮೊದಲ ಸಲ ನಿಯಮ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದೆ. ಕೈ ಸ್ವಲ್ಪ ನೋಯುತ್ತಿದೆ, ಆದರೆ ಹಿತವಾಗಿದೆ.

ನಿನಗೆ ಪತ್ರ ಬರೆಯಲು ಬರುತ್ತದೆ, ಬೆಂಕಿಯಂಥದ್ದು. ನನಗೆ ಯಾರಿಗೆ ಪ್ರತಿ ಕಳಿಸಬೇಕು ಎಂದು ಗೊತ್ತು. ನಾಳೆ ಬರುತ್ತೇನೆ. ನಡೆದುಕೊಂಡೇ.

ಕಡ್ಡಿ


ಸೆಪ್ಟೆಂಬರ್ ೧

ವಸ್ತುಸಂಗ್ರಹಾಲಯದ ನಿರ್ದೇಶಕರಿಗೆ ಬಹಿರಂಗ ಪತ್ರ
(ಪ್ರತಿ: ಊರಿನ ಪತ್ರಿಕೆಗಳಿಗೆ, ಸಮಿತಿಯ ಎಲ್ಲ ಸದಸ್ಯರಿಗೆ, ಗ್ರಂಥಾಲಯದ ಸೂಚನಾಫಲಕಕ್ಕೆ)

ನಿರ್ದೇಶಕರೇ,

ಜೂನ್ ಒಂಬತ್ತರಂದು ಮೇಲಿನ ಹಜಾರದಿಂದ ನಲವತ್ತೊಂದು ಕಪಾಟು ಹೊರಹೋದವು. ಅದೊಂದು ಅನ್ಯಾಯ. ಇಪ್ಪತ್ತೆಂಟನೆಯ ವಸ್ತು ಏನೆಂದು ಜುಲೈಯಲ್ಲಿ ಗೊತ್ತಾದ ಮೇಲೂ ನೀವು ಹಳೆಯ ಫಲಕವನ್ನೇ ಉಳಿಸಿಕೊಂಡಿದ್ದೀರಿ. ಇದು ಎರಡನೆಯದು, ಮೊದಲಿನದಕ್ಕಿಂತ ದೊಡ್ಡದು. ಗೊತ್ತಿಲ್ಲದೆ ಬರೆದ ತಪ್ಪಿಗೆ ಕ್ಷಮೆಯಿದೆ; ಅದನ್ನು ಬರೆದವರು ಈ ಪತ್ರಕ್ಕೆ ಸಹಿ ಹಾಕುತ್ತಿದ್ದಾರೆ. ಗೊತ್ತಿದ್ದೂ ಉಳಿಸಿಕೊಂಡ ತಪ್ಪಿಗೆ ಏನೆನ್ನಬೇಕು?

ಬಡಗಿಯ ಕೋಲು ನೋಡಲು ಯಾರು ಬರುತ್ತಾರೆ ಎಂದು ಕೇಳಿದಿರಂತೆ. ಕಳೆದ ಹತ್ತು ದಿನಗಳಲ್ಲಿ ನಿಮ್ಮ ಕಾವಲುಗಾರ್ತಿ ಬಂದವರಿಗೆಲ್ಲ ಈ ಕಥೆ ಹೇಳಿದ್ದಾಳೆ. ಮೊಸಳೆಯ ಮುಂದೆ ಈಗ ಯಾರೂ ನಿಲ್ಲುತ್ತಿಲ್ಲ. “ಆ ಬಾಗಿಲೆಲ್ಲಿ, ಆ ಗೆರೆಯೆಲ್ಲಿ” ಎಂದು ಕೇಳುತ್ತಾರೆ. ಶಾಲೆಯ ಮಕ್ಕಳು ಹಿತ್ತಲಿನ ಶೆಡ್ಡಿಗೇ ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಅಳತೆ ನೋಡಿಕೊಳ್ಳುತ್ತಿದ್ದಾರೆ, ಬಹುಪಾಲು ತುದಿಗಾಲಲ್ಲಿ. ನಿಮ್ಮ ಕಿಟಕಿಯಿಂದ ಸಾಲು ಕಾಣುತ್ತದೆ, ಒಮ್ಮೆ ಇಣುಕಿ ನೋಡಿ.

ಸಂಗ್ರಹಾಲಯವೆಂದರೆ ಊರಿನ ನೆನಪು. ಆ ನೆನಪಿನಲ್ಲಿ ವೈದ್ಯರ ಹೆಸರಿದೆ, ಮುಖ್ಯಸ್ಥರ ಹೆಸರುಗಳಿವೆ, ತಪ್ಪು ಗಂಟೆ ತೋರಿಸುವ ಗಡಿಯಾರ ಕೊಟ್ಟವರ ಹೆಸರು ಕೂಡ ಚಿನ್ನದ ಅಕ್ಷರದಲ್ಲಿದೆ. ಆ ವಸ್ತುಗಳು ಉಳಿಯುವಂತೆ ಮನೆ ಕಟ್ಟಿದವನ ಹೆಸರಿಲ್ಲ. ಹೊಸ ಫಲಕಕ್ಕೆ ಬೇಕಾದುದನ್ನು ಬೇರೆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಲಗತ್ತಿಸಿದ್ದೇವೆ, ನಿಮಗೆ ಹುಡುಕುವ ತೊಂದರೆ ಬೇಡವೆಂದು.

ಆ ಹಾಳೆಯಲ್ಲಿ ಎರಡು ಹೆಸರುಗಳಿವೆ. ಮೊದಲನೆಯದು ಬಡಗಿಯದು. ಎರಡನೆಯದು, ಮೂವತ್ತನಾಲ್ಕು ವರ್ಷ ಪ್ರತಿದಿನ ಬೆಳಗ್ಗೆ ಆ ನಲವತ್ತೆರಡು ಕಪಾಟುಗಳ ಗಾಜು ಒರೆಸಿ, ಊರಿಗೆ ಒಳಗಿನದು ಕಾಣುವಂತೆ ಮಾಡಿದ ಹೆಂಗಸಿನದು. ಅದನ್ನು ನಾನು ಸೇರಿಸಿದ್ದು ನನ್ನ ಜೊತೆಗಾರರಿಗೆ ಸಹಿ ಹಾಕುವ ಹೊತ್ತಿನವರೆಗೂ ಗೊತ್ತಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಧೂಳು ಎಂದರು. ನಮ್ಮ ಮನೆಯಲ್ಲಿ ಧೂಳಿಲ್ಲ. ಇರಲಿ.

ಉತ್ಸವದ ನಂತರ ಪರಿಶೀಲಿಸುವುದು ಬೇಡ. ಸೆಪ್ಟೆಂಬರ್ ಇಪ್ಪತ್ತರ ಬೆಳಗ್ಗೆ, ಉತ್ಸವದ ಸಭೆಯಲ್ಲೇ, ಮೇಲಿನ ಹಜಾರದಲ್ಲಿ, ಊರಿನವರೆಲ್ಲರ ಮುಂದೆ, ಮೈಕ್ ಹಿಡಿದು ಉತ್ತರಿಸಿ: ಆ ಕೋಲು ಏನು? ಅದನ್ನು ಮಾಡಿದವನು ಯಾರು? ಅವನ ಕಪಾಟುಗಳು ಹಜಾರಕ್ಕೆ ವಾಪಸು ಬರುವುದು ಯಾವ ತಾರೀಖಿಗೆ?

ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕೂತಿರುತ್ತೇವೆ. ಉತ್ತರ ನೆಟ್ಟಗಿಲ್ಲದಿದ್ದರೆ ಈ ಸಲ ಇಬ್ಬರೂ ನಗುತ್ತೇವೆ.

ಬಡಗಿಯ ಮಗಳು
ಗಾಜು ಒರೆಸಿದವಳ ಮಗ